ಎಡಕ್ಕೆ ವಾಲುವ ಗಾಡಿ

ದಿಲೀಪ ಗಾಡಿಯ ಮುಂದಿನ ಎಡಮೂಲೆಯ ಮೇಲೆ ಎರಡೂ ಅಂಗೈ ಊರಿ, ಮೈಭಾರವನ್ನೆಲ್ಲ ಬಿಟ್ಟು ಒತ್ತಿ, ಕೈ ತೆಗೆದ. ಸರಿಯಾಗಿರುವ ಗಾಡಿಯಾದರೆ ಒಂದು ಸಲ ಮೇಲೆದ್ದು ತೆಪ್ಪಗೆ ನಿಲ್ಲಬೇಕು. ಇದು ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಬೆಂಚಿನ ಮೇಲಿದ್ದ ಟೀ ಎತ್ತಿಕೊಂಡು ಒಂದು ಗುಟುಕು ಕುಡಿದ ಮೇಲೂ ಅದು ಮೆಲ್ಲಗೆ ಅಲುಗಾಡುತ್ತಲೇ ಇತ್ತು, ಒಳಗೆ ಕೂತವರು ಯಾರೋ ಕಾಲು ಬದಲಾಯಿಸಿ ಕೂರುವ ಹಾಗೆ. ಒಳಗೆ ಯಾರೂ ಇರಲಿಲ್ಲ.

“ಸ್ಟ್ರಟ್ಟು ಪೂರಾ ಹೋಗ್ಬುಟ್ಟಿದೆ ಕಣಮ್ಮ,” ಎಂದ ದಿಲೀಪ. “ಎಣ್ಣೆ ಎಲ್ಲಾ ಸೋರೋಗಿದೆ, ಸ್ಪ್ರಿಂಗೂ ಕೂತ್ಬುಟ್ಟಿದೆ. ಹೋದ ವರ್ಷದ ದಸರಾಕ್ಕೇ ಹೇಳಿದ್ನಲ್ಲ ನಾನು, ಸಾರ್ ಇರೋವಾಗ್ಲೇ.”

“ಹೇಳಿದ್ದೆ,” ಎಂದಳು ಪ್ರೇಮಲೀಲಾ.

ಸ್ಟ್ರಟ್ ಎಂದರೆ ಮುಂದಿನ ಚಕ್ರದ ಮೇಲೆ ನಿಂತ ಒಂದು ಕಂಬ, ಅಷ್ಟೇ. ಸುತ್ತಲೂ ಸ್ಪ್ರಿಂಗು, ಕೊಳವೆಯೊಳಗೆ ಎಣ್ಣೆ. ಭಾರ ಹೊರುವುದು ಸ್ಪ್ರಿಂಗು, ಕುಣಿತ ಅಡಗಿಸುವುದು ಎಣ್ಣೆ. ಎರಡೂ ಕೈಕೊಟ್ಟರೆ ಗಾಡಿ ಆ ಕಡೆಗೆ ವಾಲುತ್ತದೆ, ಹಳ್ಳ ಸಿಕ್ಕಿದಲ್ಲೆಲ್ಲ ಟಕ್ ಎನ್ನುತ್ತದೆ. ಪ್ರೇಮಲೀಲಾ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಇಷ್ಟು ಅವಳಿಗೂ ಅರ್ಥವಾಗುತ್ತಿತ್ತು. ಆದರೆ ಅವಳು ಗಾಡಿ ತಂದದ್ದು ಗಾಡಿಗೋಸ್ಕರ ಅಲ್ಲ. ವರ್ಷದ ಹಿಂದೆ ಮಣ್ಣಿಗಿಟ್ಟ ಗಂಡ ಮಣ್ಣಿನೊಳಗೆ ನೆಟ್ಟಗೆ ಕೂರಬೇಕು, ಅದೊಂದೇ ಅವಳಿಗೆ ಬೇಕಾಗಿದ್ದದ್ದು. ಇದನ್ನು ಲಷ್ಕರ್ ಮೊಹಲ್ಲಾದ ಗಲ್ಲಿಯ ಗ್ಯಾರೇಜಿನಲ್ಲಿ ನಿಂತು ಯಾರ ಹತ್ತಿರ ಹೇಳುವುದು?

ಎಂಬತ್ತೆಂಟರಲ್ಲಿ ಆ ಬಿಳಿ ಮಾರುತಿ ಕೃಷ್ಣಮೂರ್ತಿಪುರಂನ ಮನೆಗೆ ಬಂದಾಗ ಮೊದಲು ಸ್ಟೇರಿಂಗ್ ಹಿಡಿದವರು ಗಂಡ ಏಕಾಂತಯ್ಯನವರೇ. ಲಷ್ಕರ್ ಮೊಹಲ್ಲಾದಲ್ಲಿ ವಿಭೂತಿ, ಕರ್ಪೂರ, ರುದ್ರಾಕ್ಷಿ ಮಾರುವ ಗ್ರಂಥಿಗೆ ಅಂಗಡಿ ಅವರದು. ಕಲಿಯಲು ಹೋಗಿ ಎದುರು ಮನೆಯ ಗೇಟನ್ನು ಗುದ್ದಿ ಕೆಡವಿದರು. ಗೇಟಿಗಿಂತ ಹೆಚ್ಚು ಪೆಟ್ಟಾದದ್ದು ಅವರ ಧೈರ್ಯಕ್ಕೆ. ಅಂದಿನಿಂದ ಗಾಡಿ ಹೆಂಡತಿಯದಾಯಿತು, ಎಡಗಡೆಯ ಸೀಟು ಅವರದಾಯಿತು. ಅಂಗಡಿಬೀದಿಯವರು “ಏನ್ ಅಯ್ಯನೋರೇ, ಹೆಂಡ್ತಿನೇ ಡ್ರೈವರಾ?” ಎಂದು ಕಾಲೆಳೆದರೆ, “ಹೂಂ ಕಣಯ್ಯ, ಬೈಯೋ ಡ್ರೈವರು,” ಎನ್ನುತ್ತಿದ್ದರು. ಮನೆಗೆ ಬಂದ ಮೇಲೆ ಆ ಡ್ರೈವರಿನಿಂದ ಬೈಸಿಕೊಳ್ಳುತ್ತಲೂ ಇದ್ದರು.

ಗಾಡಿ ಹೊರಟು ಎರಡು ತಿರುವು ದಾಟುವಷ್ಟರಲ್ಲಿ ಅವರಿಗೆ ನಿದ್ದೆ. ತಲೆ ಎಡಗಡೆಯ ಗಾಜಿಗೆ ಒರಗುತ್ತಿತ್ತು. ಅವರು ಹಚ್ಚುವ ಬ್ರಾಹ್ಮಿ ಎಣ್ಣೆಯ ಗುರುತು ಗಾಜಿನ ಮೇಲೆ ದುಂಡಗೆ ಕೂರುತ್ತಿತ್ತು, ಪ್ರೇಮಲೀಲಾ ಭಾನುವಾರ ಭಾನುವಾರ ಗೊಣಗುತ್ತ ಒರೆಸುತ್ತಿದ್ದಳು. ಒಮ್ಮೆ ನಾಚಿಕೆ ಬಿಟ್ಟು ಕೇಳಿದ್ದಳು, “ಗಾಜಿಗೆ ಯಾಕೆ ಒರಗ್ತೀರಿ, ಇಲ್ಲಿ ನನ್ನ ಭುಜ ಇಲ್ವಾ?” ಏಕಾಂತಯ್ಯನವರು ಕಣ್ಣು ಬಿಡದೆಯೇ, “ಗೇರ್ ಹಾಕೋ ಕೈಗೆ ಅಡ್ಡ ಆಗುತ್ತೆ ಕಣೆ,” ಎಂದಿದ್ದರು. ಅವಳು ಮತ್ತೆ ಕೇಳಲಿಲ್ಲ, ಅವರು ಮತ್ತೆ ಹೇಳಲಿಲ್ಲ.

ಹೋದ ವರ್ಷ, ಎಂದರೆ ಎರಡು ಸಾವಿರದ ಒಂದರ ಕಾರ್ತಿಕದಲ್ಲಿ, ಚಾಮರಾಜನಗರಕ್ಕೆ ಮದುವೆಗೆ ಹೋಗಿದ್ದರು. ಊಟದೆಲೆಯ ಮುಂದೆಯೇ ಏಕಾಂತಯ್ಯನವರು ಎದೆ ಹಿಡಿದುಕೊಂಡರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಹೆಣವನ್ನು ಮೈಸೂರಿಗೆ ತರುವುದು ಹೇಗೆ ಎಂಬ ಮಾತು ಬಂದಾಗ ಬಾಯಿ ಹಾಕಿದವನು ಅವರ ತಮ್ಮ ಶಿವಮಲ್ಲಪ್ಪ. ಎಲ್ಲಿ ಸಾವಾದರೂ ಯಜಮಾನಿಕೆ ವಹಿಸುವ ಒಬ್ಬ ಮನುಷ್ಯ ಪ್ರತಿಯೊಂದು ಮನೆತನದಲ್ಲೂ ಇರುತ್ತಾನಲ್ಲ, ಈ ಮನೆತನಕ್ಕೆ ಅವನು.

“ಆಂಬುಲೆನ್ಸ್ ಬೇಡ ಅತ್ತಿಗೆ, ಮಲಗಿಸ್ಬುಡ್ತಾರೆ,” ಎಂದ. “ನಮ್ಮಲ್ಲಿ ಕೂರ್ಸಿ ತಾನೇ ಮಣ್ಣು ಮಾಡೋದು? ಮಲಗಿದಂಗೇ ಸೆಟೆದುಕೊಂಡ್ರೆ ಆಮೇಲೆ ಕೂರ್ಸೋಕೆ ಪಡಬಾರದ ಪಾಡು. ನಿಮ್ಮ ಗಾಡಿಲೇ, ಅಣ್ಣನ ಸೀಟಲ್ಲೇ ಕೂರ್ಸಿ ಬೆಲ್ಟ್ ಹಾಕ್ಬುಡಣ. ಮನೆ ಸೇರೋಷ್ಟರಲ್ಲಿ ಅವನ ಪಾಡಿಗೆ ಅವನು ಕೂತಿರ್ತಾನೆ.”

ಆ ಹೊತ್ತಿಗೆ ಅದು ಎಲ್ಲರಿಗೂ ಬುದ್ಧಿವಂತಿಕೆಯ ಮಾತಾಗಿಯೇ ಕಂಡಿತು. ಬಂದವರಲ್ಲಿ ಆ ಗಾಡಿ ಓಡಿಸಬಲ್ಲವಳು ಪ್ರೇಮಲೀಲಾ ಒಬ್ಬಳೇ. ಪಕ್ಕದಲ್ಲಿ ಗಂಡನ ಹೆಣವನ್ನು ಕೂರಿಸಿಕೊಂಡು ಅವಳೇ ಓಡಿಸಿದಳು. ನಂಜನಗೂಡಿನ ಹತ್ತಿರ ಲಾರಿಯೊಂದು ಅಡ್ಡ ಬಿದ್ದು ದಾರಿ ಕಟ್ಟಿತ್ತು, ಮಧ್ಯಾಹ್ನವೆಲ್ಲ ಬಿಸಿಲಿನಲ್ಲಿ ನಿಲ್ಲಬೇಕಾಯಿತು. ಎಡಗಡೆಯ ಸ್ಟ್ರಟ್ ಆಗಲೇ ಕುಸಿದಿದ್ದ ಗಾಡಿ. ಅದು ಎಡಕ್ಕೆ ವಾಲಿತ್ತು, ಒಳಗೆ ಅವರೂ ಎಡಕ್ಕೆ ವಾಲಿದ್ದರು, ತಲೆ ಎಂದಿನ ಹಾಗೆ ಗಾಜಿಗೆ. ಸಂಜೆ ಮನೆ ಮುಂದೆ ಬಾಗಿಲು ತೆಗೆದಾಗ ಅವರು ಹಾಗೆಯೇ ಗಟ್ಟಿಯಾಗಿದ್ದರು.

ಮರುದಿನ ಬೆಳಿಗ್ಗೆ ರುದ್ರಭೂಮಿಯಲ್ಲಿ ಗುಂಡಿಯ ಗೂಡಿನೊಳಗೆ ಕೂರಿಸಿದರು. ಅವರು ಎಡಕ್ಕೆ ವಾಲಿದರು. ನೆಟ್ಟಗೆ ಮಾಡಿದರು, ಮತ್ತೆ ವಾಲಿದರು. ಎಡ ಅಂಗೈಯಲ್ಲಿಟ್ಟ ಇಷ್ಟಲಿಂಗ ಜಾರಿ, ಕೆಳಗಿದ್ದ ವಿಭೂತಿ ಗಟ್ಟಿಯ ಮೇಲೆ ಟಕ್ ಎಂದು ಬಿತ್ತು. ಎತ್ತಿಟ್ಟರು, ಮತ್ತೆ ಬಿತ್ತು. ಪೂಜೆಯ ಅಯ್ಯನವರು ಎಡಪಕ್ಕೆಗೆ ವಿಭೂತಿ ಗಟ್ಟಿಗಳನ್ನೇ ಒತ್ತಾಗಿ ಪೇರಿಸಿ ಹೇಗೋ ನಿಲ್ಲಿಸಿದರು. “ಇನ್ನು ಮಣ್ಣು ಹಿಡ್ಕೊಳುತ್ತೆ ಬುಡಿ ಅತ್ತಿಗೆ,” ಎಂದ ಶಿವಮಲ್ಲಪ್ಪ. ಆದರೆ ಮೊದಲ ಹಿಡಿ ಮಣ್ಣು ಬಿದ್ದ ಮೇಲೆ ಅದೇ ಸದ್ದು ಇನ್ನೊಮ್ಮೆ ಬಂದದ್ದನ್ನು ಪ್ರೇಮಲೀಲಾ ಕೇಳಿದ್ದಳು. ಅಂಗೈಯ ಲಿಂಗವನ್ನು ನೋಡುತ್ತಿರಲಿ ಎಂದೇ ಸತ್ತವರನ್ನು ಕೂರಿಸುವುದು. ಲಿಂಗವೇ ಕೈಯಲ್ಲಿಲ್ಲದಿದ್ದರೆ ಕತ್ತಲೆಯಲ್ಲಿ ಒಬ್ಬರೇ ಕೂತು ಅವರು ನೋಡುವುದಾದರೂ ಏನನ್ನು?

ಆ ಮೇಲಿನ ಒಂದು ವರ್ಷ ಗಾಡಿ ಅವಳ ಎದೆಯ ಮೇಲೆಯೇ ಓಡಿತು. ಹಳ್ಳ ಬಂದಲ್ಲೆಲ್ಲ ಎಡಗಡೆಯಿಂದ ಟಕ್ ಎನ್ನುವ ಸದ್ದು, ಅದೇ ಸದ್ದು. ಸೋಮವಾರ ಸೋಮವಾರ ಸಮಾಧಿಗೆ ಹೋದರೆ, ಮಣ್ಣಿನ ದಿಬ್ಬದ ಮೇಲಿಟ್ಟ ಪುಟ್ಟ ಕಲ್ಲುಲಿಂಗ ಎಡಕ್ಕೆ ವಾಲಿರುತ್ತಿತ್ತು. ಅವಳು ಮಣ್ಣು ತುಳಿದು ನೆಟ್ಟಗೆ ನಿಲ್ಲಿಸಿ ಬರುತ್ತಿದ್ದಳು, ಮುಂದಿನ ಸೋಮವಾರಕ್ಕೆ ಮತ್ತೆ ಎಡಕ್ಕೆ. ಗಾಡಿಯ ಎಡಗಡೆಯ ಗಾಜಿನ ಮೇಲೆ ದುಂಡನೆಯ ಎಣ್ಣೆಗುರುತು ಮೂಡುವುದು ನಿಂತಿರಲಿಲ್ಲ. ಅವಳು ಈಗಲೂ ಭಾನುವಾರ ಒರೆಸುತ್ತಿದ್ದಳು, ಗೊಣಗುವುದನ್ನು ಮಾತ್ರ ಬಿಟ್ಟಿದ್ದಳು. ಮಗಳು ನಿಶ್ಚಿತಾ ಬಿ.ಎಡ್. ಓದುತ್ತಿದ್ದ ಧೈರ್ಯದ ಹುಡುಗಿ. ಅವಳೂ ಒಂದು ದಿನ ಮುಂದಿನ ಸೀಟಿನಲ್ಲಿ ಕೂತವಳೇ ಎದ್ದು, “ಅಮ್ಮ, ಇದು ಬೆಚ್ಚಗಿದೆ,” ಎಂದು ಹಿಂದೆ ಹೋಗಿ ಕೂತಳು. ಆ ಮೇಲೆ ಮುಂದೆ ಕೂರಲೇ ಇಲ್ಲ.

ಗಾಡಿ ವಾಲಿರುವ ತನಕ ಅವರೂ ವಾಲಿಯೇ ಇರುತ್ತಾರೆ ಎಂಬುದು ಪ್ರೇಮಲೀಲಾಳ ಮನಸ್ಸಿನಲ್ಲಿ ಯಾವಾಗ ಬೇರೂರಿತೋ ಅವಳಿಗೇ ತಿಳಿಯದು. ಲೆಕ್ಕದ ಮೇಡಂ ಆಗಿ ಇಂಥದನ್ನು ನಂಬುವುದಕ್ಕೆ ಅವಳಿಗೆ ನಾಚಿಕೆಯಾಗುತ್ತಿತ್ತು. ಆದರೆ ವರ್ಷದ ಗಣಾರಾಧನೆ ಹತ್ತಿರ ಬಂದಂತೆ ನಾಚಿಕೆಗಿಂತ ಸಂಕಟ ದೊಡ್ಡದಾಯಿತು. ಗಾಡಿಯನ್ನು ದಿಲೀಪನ ಮುಂದೆ ತಂದು ನಿಲ್ಲಿಸಿದಳು.

“ಬದಲಾಯಿಸೋದಾದ್ರೆ ಎರಡೂ ಒಟ್ಟಿಗೇ ಬದಲಾಯಿಸ್ಬೇಕಮ್ಮ,” ಎಂದ ದಿಲೀಪ. “ಒಂದು ಹೊಸದು ಒಂದು ಹಳೇದು ಆದ್ರೆ ಗಾಡಿ ಸಮ ನಿಲ್ಲಲ್ಲ. ಈಗ ಸಿಕ್ಕಿರೋದು ಎಡಗಡೇದೊಂದೇ. ಬಲಗಡೇದು ಬೆಂಗಳೂರಿಂದ ಬರ್ಬೇಕು. ಬರ್ಲಿ ತಡೀರಿ.”

“ವಾಲಿರೋದು ಎಡಗಡೆ ತಾನೇ? ಅದನ್ನ ಹಾಕು.”

“ಅಲ್ಲಮ್ಮ—”

“ಹಾಕು ಅಂದ್ನಲ್ಲ ದಿಲೀಪ.”

ಮೇಡಂ ದನಿ ಎತ್ತಿದರೆ ಮುಂದಿನ ಬೆಂಚು ಹಿಂದಿನ ಬೆಂಚು ಎಲ್ಲ ಒಂದೇ. ದಿಲೀಪ ಜಾಕ್ ಏರಿಸಿ ಚಕ್ರ ಬಿಚ್ಚಿದ. ಬಾನೆಟ್ಟಿನ ಒಳಗಿನ ನಟ್ಟುಗಳನ್ನು ಸಡಿಲಿಸಿ, ಕಂಬವನ್ನು ಕೆಳಗಿನಿಂದ ಎಳೆದು ತೆಗೆದ. ಮಣ್ಣು ಮೆತ್ತಿದ ಕಪ್ಪು ಕೊಳವೆ, ಒಂದು ಕಡೆಗೆ ಸವೆದು ಬಾಗಿದ ಸರಳು. ನೆಲಕ್ಕಿಟ್ಟಾಗ ಅದರ ಬಾಯಿಂದ ಕೊನೆಯ ಹನಿ ಎಣ್ಣೆ ಸೋರಿತು. ಪ್ರೇಮಲೀಲಾಳ ಮೂಗಿಗೆ ಬಂದದ್ದು ಬ್ರಾಹ್ಮಿ ಎಣ್ಣೆಯ ವಾಸನೆ. ಅವಳು ಎದ್ದು ಗಲ್ಲಿಯ ಬಾಯಿಗೆ ಹೋಗಿ ನಿಂತಳು.

ಹೊಸ ಸ್ಟ್ರಟ್ ಕೂರಿಸಿ ಗಾಡಿ ಇಳಿಸಿದಾಗ ದಿಲೀಪ ಹೇಳಿದ ಹಾಗೆಯೇ ಆಯಿತು. ಎಡಗಡೆ ಎದ್ದು ನಿಂತಿತು, ಹಳೆಯ ಬಲಗಡೆ ಕುಗ್ಗಿಯೇ ಇತ್ತು. ಗಾಡಿ ಈಗ ಬಲಕ್ಕೆ, ಎಂದರೆ ಡ್ರೈವರಿನ ಕಡೆಗೆ, ವಾಲಿತ್ತು. ಒಂದು ಸುತ್ತು ಹಾಕಿ ನೋಡೋಣವೆಂದು ದಿಲೀಪ ಸ್ಟೇರಿಂಗ್ ಹಿಡಿದ, ಪ್ರೇಮಲೀಲಾ ಹಿಂದೆ ಕೂತಳು. ಗಲ್ಲಿ ದಾಟಿ ಅಶೋಕ ರಸ್ತೆಗೆ ತಿರುಗುವ ಮೊದಲು ಅವನು ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಕತ್ತು ಚಾಚಿ ಇನ್ನೊಮ್ಮೆ ಎಡಕ್ಕೆ ನೋಡಿದ.

“ಸಾರ್, ಚೂರು ಆ ಕಡೆ ಒರಗ್ಕೊಳ್ಳಿ, ಬಸ್ಸು ಕಾಣ್ತಿಲ್ಲ,” ಎಂದ.

ಎಂದವನಿಗೆ ತಾನು ಏನೆಂದೆ ಎಂಬುದು ತಕ್ಷಣ ತಿಳಿಯಲಿಲ್ಲ. ತಿಳಿದಾಗ ಗೇರಿನ ಮೇಲಿದ್ದ ಅವನ ಕೈ ಅಲ್ಲೇ ನಿಂತಿತು. ಖಾಲಿ ಸೀಟಿನ ಕಡೆ ಅವನು ನೋಡಲಿಲ್ಲ, ಕನ್ನಡಿಯಲ್ಲಿ ಪ್ರೇಮಲೀಲಾಳ ಮುಖವನ್ನೂ ನೋಡಲಿಲ್ಲ. ಹಿಂದಿನಿಂದ ಆಟೋದವನು ಹಾರ್ನ್ ಮಾಡಿ ಬೈದ. ದಿಲೀಪ ಗಾಡಿಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡು ಗ್ಯಾರೇಜಿಗೆ ತಂದು ನಿಲ್ಲಿಸಿ, ಎಡಭುಜವನ್ನು ತಿಕ್ಕಿಕೊಳ್ಳುತ್ತ ಇಳಿದ.

“ಬಲಗಡೇದು ಬಂದ ತಕ್ಷಣ ಫೋನ್ ಮಾಡ್ತೀನಿ,” ಎಂದ. “ಅಲ್ಲಿ ತಂಕ ಬೆಟ್ಟಗಿಟ್ಟ ಹತ್ಬೇಡಿ ಅಮ್ಮ.” ಹಣೆಗೆ ವಿಭೂತಿ ಇಟ್ಟುಕೊಳ್ಳದ ಮನುಷ್ಯ, ಅಂದು ಗ್ಯಾರೇಜಿನ ದೇವರ ಫೋಟೊದ ಮುಂದಿನ ವಿಭೂತಿಯನ್ನು ಮೂರು ಬೆರಳಲ್ಲಿ ತೆಗೆದು ಬಳಿದುಕೊಂಡ.

ಪ್ರೇಮಲೀಲಾ ಒಬ್ಬಳೇ ಮನೆಗೆ ಹೊರಟಳು. ಮೊದಲ ತಿರುವಿನಲ್ಲಿ ಏನೂ ಆಗಲಿಲ್ಲ. ಎರಡನೆಯದನ್ನು ದಾಟಿದ ಮೇಲೆ ಅವಳ ಎಡಭುಜದ ಮೇಲೆ ಮೆಲ್ಲಗೆ ಒಂದು ಭಾರ ಬಂದು ಕೂತಿತು. ನಿದ್ದೆ ಹತ್ತಿದ ಮನುಷ್ಯನ ತಲೆ ಎಷ್ಟು ಭಾರವೋ ಅಷ್ಟು ಭಾರ. ಅವಳಿಗೆ ಭಯವಾಯಿತು. ಗಂಡನೇ ಆದರೇನು, ತುಂಬ ಭಯವಾಯಿತು. ಪಕ್ಕಕ್ಕೆ ತಿರುಗಿ ನೋಡದೆ ಮನೆಯ ಗೇಟಿನ ತನಕ ಓಡಿಸಿದಳು. ಒಳಗೆ ಬಂದು ಸೀರೆ ಬದಲಾಯಿಸುವಾಗ ರವಿಕೆಯ ಎಡತೋಳಿನ ಮೇಲ್ಗಡೆ ದುಂಡನೆಯ ಎಣ್ಣೆಗುರುತು ಇತ್ತು. ಗಾಡಿಯ ಗಾಜು ಚೊಕ್ಕಟವಾಗಿತ್ತು.

ಮರುದಿನ ಭಯ ಅರ್ಧವಾಯಿತು. ಅದರ ಮರುದಿನ ಅವಳು ಸ್ಕೂಲಿಗೆ ಸುತ್ತು ದಾರಿಯಲ್ಲಿ ಹೋದಳು. ಆ ಮೇಲೆ ದಿನವೂ ಸುತ್ತು ದಾರಿಯೇ. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಗಂಡ ಒಮ್ಮೆಯೂ ಒರಗದ ಭುಜಕ್ಕೆ ಈಗ ಒರಗಿದ್ದರು. ಗೇರ್ ಬದಲಾಯಿಸಿದರೆ ಭುಜ ಅಲುಗುತ್ತದೆಂದು ಅವಳು ಊರೆಲ್ಲ ಎರಡನೇ ಗೇರಿನಲ್ಲೇ ಓಡಾಡಿದಳು. ಎಂಜಿನ್ ಗೋಳಾಡಿದರೆ ಗೋಳಾಡಲಿ ಎಂದು ಬಿಟ್ಟಳು. ಅವಳಿಗೆ ಸಂತೋಷವಾಗಿತ್ತು, ಆ ಸಂತೋಷವನ್ನು ಕಂಡು ಅವಳಿಗೇ ಹೆದರಿಕೆಯಾಗುತ್ತಿತ್ತು.

ಸೋಮವಾರ ಸಮಾಧಿಗೆ ಹೋದಳು. ಕಲ್ಲುಲಿಂಗ ಬಲಕ್ಕೆ ವಾಲಿತ್ತು. ದಿಬ್ಬದ ಬಲಗಡೆಯ ಮಣ್ಣು ಹೊಸದಾಗಿ ಬಿರುಕು ಬಿಟ್ಟು ಕುಸಿದಿತ್ತು. ವಾಲುವುದು ನಿಂತಿರಲಿಲ್ಲ, ದಿಕ್ಕು ಬದಲಾಗಿತ್ತು ಅಷ್ಟೇ. ಅವಳು ಕಲ್ಲನ್ನು ಮುಟ್ಟಲಿಲ್ಲ. ನೆಟ್ಟಗೆ ನಿಲ್ಲಿಸದೆ ಎದ್ದು ಬಂದಳು, ಅದು ಆ ವರ್ಷದಲ್ಲಿ ಮೊದಲ ಸಲ.

ದಿಲೀಪ ಫೋನ್ ಮಾಡಿದ. ಬಲಗಡೆಯ ಸ್ಟ್ರಟ್ ಬಂದಿತ್ತು. “ನಾಳೆ ತರ್ತೀನಿ,” ಎಂದಳು. ಮತ್ತೆ ಮಾಡಿದ. “ಪರೀಕ್ಷೆ ಪೇಪರ್ ಇದೆ, ಆಮೇಲೆ ನೋಡೋಣ,” ಎಂದಳು. ಮೂರನೆಯ ಸಲ ಫೋನ್ ಎತ್ತಿದವಳು ನಿಶ್ಚಿತಾ. ರಿಸೀವರ್ ಇಟ್ಟು ಬಂದು ಅಮ್ಮನ ಮುಂದೆ ನಿಂತಳು.

“ಅಮ್ಮ, ಆರಾಧನೆಗೆ ಇನ್ನು ಒಂದು ವಾರಾನೂ ಇಲ್ಲ. ಗಾಡಿ ಯಾಕೆ ಕೊಡ್ತಿಲ್ಲ ನೀನು? ನಿನ್ನ ರವಿಕೆಯಲ್ಲೆಲ್ಲಾ ಅಪ್ಪನ ಎಣ್ಣೆ ವಾಸನೆ. ನೀನೇ ಹಚ್ಕೊತಿದ್ದೀಯಾ?”

“ಹೂಂ,” ಎಂದಳು ಪ್ರೇಮಲೀಲಾ. ಮಗಳ ಹತ್ತಿರ ಸುಳ್ಳು ಹೇಳಿ ಅಭ್ಯಾಸವಿಲ್ಲದ್ದರಿಂದ ಅಲ್ಲಿ ನಿಲ್ಲಲಾರದೆ ಕೀ ಎತ್ತಿಕೊಂಡು ಹೊರಟುಬಿಟ್ಟಳು.

ಎಲ್ಲಿಗೆಂದು ಯೋಚಿಸಿರಲಿಲ್ಲ. ಗಾಡಿ ಚಾಮುಂಡಿ ಬೆಟ್ಟದ ರಸ್ತೆ ಹತ್ತಿತು, ದಿಲೀಪ ಬೇಡವೆಂದಿದ್ದ ರಸ್ತೆಯನ್ನೇ. ತಿರುವು ತಿರುವಿಗೂ ಭುಜದ ಮೇಲಿನ ಭಾರ ಹೆಚ್ಚಾಗುತ್ತಿತ್ತು. ಅರ್ಧ ಬೆಟ್ಟದಲ್ಲಿ, ಊರು ಪೂರ್ತಿ ಕಾಣುವ ಕಡೆ, ರಸ್ತೆಯಂಚಿಗೆ ನಿಲ್ಲಿಸಿ ಎಂಜಿನ್ ಆರಿಸಿದಳು. ಮಧ್ಯಾಹ್ನದ ಬಿಸಿಲು. ಬೆಟ್ಟ ಇಳಿಯುವ ಭಕ್ತರ ಬಸ್ಸೊಂದು ದಾಟಿ ಹೋದ ಮೇಲೆ ಸದ್ದೆಂಬುದೇ ಇರಲಿಲ್ಲ. ಅವಳು ಮೊದಲ ಸಲ ಧೈರ್ಯ ಮಾಡಿ ತನ್ನ ಕೆನ್ನೆಯನ್ನು ಎಡಕ್ಕೆ ಒರಗಿಸಿದಳು. ಅಲ್ಲಿ ಏನೋ ತಣ್ಣಗೆ ಇತ್ತು, ಮಣ್ಣಿನ ವಾಸನೆಯಿತ್ತು.

ಆಗ ಟಕ್ ಎಂದಿತು.

ಗಾಡಿ ನಿಂತಿತ್ತು. ಹಳ್ಳವಿಲ್ಲ, ಚಕ್ರ ಉರುಳುತ್ತಿಲ್ಲ. ಪಕ್ಕದಲ್ಲಿ ಬಟ್ಟೆ ಸರಿಯುವಷ್ಟು ಸಣ್ಣ ಸದ್ದು, ಯಾರೋ ಬಗ್ಗಿ ತಡವರಿಸುವ ಸದ್ದು. ತುಸು ಹೊತ್ತು ಸುಮ್ಮನೆ. ಮತ್ತೆ ಟಕ್. ಮತ್ತೆ ಆ ತಡವರಿಕೆ. ಬಿದ್ದದ್ದನ್ನು ಅವರು ಎತ್ತಿಕೊಳ್ಳುತ್ತಿದ್ದರು. ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದರು. ವಾಲಿದ ಕೈಯಿಂದ ಅದು ಮತ್ತೆ ಬೀಳುತ್ತಿತ್ತು. ಒಂದು ವರ್ಷದಿಂದ ಅವರು ಇದನ್ನೇ ಮಾಡುತ್ತಿದ್ದರು. ಈ ಒಂದು ವಾರ ಅವಳು ಅದನ್ನು ಕೇಳಿಯೂ ಕೇಳದವಳ ಹಾಗೆ ಊರು ಸುತ್ತಿದ್ದಳು. ಪ್ರೇಮಲೀಲಾಳಿಗೆ ತನ್ನ ಮೇಲೆ ಅಸಹ್ಯವಾಯಿತು, ಅವರ ಮೇಲೆ ಎಂದೂ ಬಾರದಷ್ಟು ಪ್ರೀತಿ ಬಂತು.

“ಆಯ್ತು,” ಎಂದಳು, ಅಳುತ್ತಲೇ. “ಇನ್ನು ನೆಟ್ಟಗೆ ಕೂತ್ಕೊಳ್ಳಿ ನೀವು.”

ಬೆಟ್ಟ ಇಳಿದು ನೇರವಾಗಿ ಗ್ಯಾರೇಜಿಗೆ ಹೋದಳು. ದಿಲೀಪ ಜಾಕ್ ಏರಿಸಿದ. ಬಲಗಡೆಯ ಹಳೆಯ ಕಂಬ ಹೊರಬಂತು, ಹೊಸದು ಒಳಗೆ ಕೂತಿತು. ಗಾಡಿ ಇಳಿಸಿ, ಮೊದಲು ಬಲಮೂಲೆ, ಆ ಮೇಲೆ ಎಡಮೂಲೆ, ಒತ್ತಿ ಬಿಟ್ಟ. ಒಂದು ಸಲ ಎದ್ದಿತು, ನಿಂತಿತು. ಮತ್ತೆ ಅಲುಗಲಿಲ್ಲ. ಸುತ್ತು ಹಾಕಲು ಹೊರಟು, ಅಶೋಕ ರಸ್ತೆಯ ಅದೇ ತಿರುವಿನಲ್ಲಿ ಅವನು ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಏನೂ ಹೇಳದೆ ಗಾಡಿ ತಿರುಗಿಸಿದ. ಹಿಂದಿನ ಸೀಟಿನಲ್ಲಿ ಪ್ರೇಮಲೀಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಗಂಡ ಸತ್ತ ದಿನ ಸ್ಟೇರಿಂಗ್ ಹಿಡಿದಿದ್ದವಳಿಗೆ ಅಳುವುದಕ್ಕೆ ಕೈ ಬಿಡುವಿರಲಿಲ್ಲ.

ಆರಾಧನೆಯ ದಿನ ತಾಯಿ ಮಗಳು ಸಮಾಧಿಗೆ ಹೋದರು. ನಿಶ್ಚಿತಾ ಒಂದು ಗಳಿಗೆ ಅನುಮಾನಿಸಿ, ಸೀಟಿನ ಮೇಲೆ ಕೈಯಿಟ್ಟು ನೋಡಿ, ಮುಂದೆಯೇ ಕೂತಳು. ಅದು ಬೇರೆ ಸೀಟುಗಳ ಹಾಗೆಯೇ ತಣ್ಣಗಿತ್ತು. ಕಲ್ಲುಲಿಂಗ ನೆಲಕ್ಕೆ ಹೊಡೆದ ಗೂಟದ ಹಾಗೆ ನೆಟ್ಟಗೆ ನಿಂತಿತ್ತು, ಬಿರುಕು ಕೂಡಿಕೊಂಡಿತ್ತು. ಶಿವಮಲ್ಲಪ್ಪ ಅದನ್ನು ನೋಡಿ, “ಮಣ್ಣು ಹಿಡ್ಕೊಳುತ್ತೆ ಅಂತ ನಾನು ಅವತ್ತೇ ಹೇಳಿರ್ಲಿಲ್ವಾ ಅತ್ತಿಗೆ?” ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದ. ಪ್ರೇಮಲೀಲಾ ಅವನಿಗೆ ಒಂದು ಬಾಳೆಹಣ್ಣು ಕೊಟ್ಟು ಸುಮ್ಮನಾಗಿಸಿದಳು.

ವಾಪಸು ಬರುವಾಗ ಗಾಡಿ ಸಮವಾಗಿ ಓಡಿತು. ಹಳ್ಳಗಳು ಇದ್ದಲ್ಲೇ ಇದ್ದವು, ಸದ್ದು ಮಾತ್ರ ಇರಲಿಲ್ಲ. ನಿಶ್ಚಿತಾ ಅಮ್ಮನನ್ನೇ ನೋಡುತ್ತಿದ್ದಳು.

“ಅಮ್ಮ, ನೆಟ್ಟಗೆ ಕೂತ್ಕೋ. ಪೂರ್ತಿ ಎಡಕ್ಕೆ ವಾಲ್ಬಿಟ್ಟಿದ್ದೀಯ. ನನ್ನ ಮೇಲೇ ಬೀಳ್ತೀಯ.”

ಪ್ರೇಮಲೀಲಾ ನೋಡಿಕೊಂಡಳು. ಹೌದು, ವಾಲಿದ್ದಳು. ಸರಿಮಾಡಿಕೊಂಡಳು. ಮುಂದಿನ ತಿರುವು ದಾಟುವಷ್ಟರಲ್ಲಿ ಮೈ ತಾನಾಗಿಯೇ ಮತ್ತೆ ಎಡಕ್ಕೆ ಬಂದಿತ್ತು.

“ನಿಶ್ಚಿತಾ, ನಿಮ್ಮಪ್ಪನ ಬಲಗಡೆ ಒಂದು ಜಾಗ ಬಿಟ್ಟಿದ್ದಾರೆ, ನೋಡಿದ್ಯಲ್ಲ? ಅದು ನನ್ನದು.”

“ಈಗ ಯಾಕಮ್ಮ ಆ ಮಾತು?”

“ಹೇಳ್ತೀನಿ ಕೇಳು. ನನ್ನ ಕೂರ್ಸೋವಾಗ ನಾನು ಎಡಕ್ಕೆ ವಾಲ್ತೀನಿ. ನೆಟ್ಟಗೆ ಮಾಡೋಕೆ ಯಾರನ್ನೂ ಬಿಡಬೇಡ. ನಿಮ್ಮ ಚಿಕ್ಕಪ್ಪ ಇದ್ರೆ ಅವನನ್ನಂತೂ ಹತ್ರ ಸೇರಿಸ್ಬೇಡ.”

ಸಿಗ್ನಲ್ ಕೆಂಪಾಗಿ ಗಾಡಿ ನಿಂತಿತು. ನಿಶ್ಚಿತಾ ಸಣ್ಣ ದನಿಯಲ್ಲಿ ಕೇಳಿದಳು. “ವಾಲಿದ್ರೆ ಕೈಯಲ್ಲಿ ಲಿಂಗ ನಿಲ್ಲಲ್ವಲ್ಲಮ್ಮ. ಬಿದ್ದುಹೋಗುತ್ತೆ.”

“ಬೀಳಲಿ ಬಿಡು,” ಎಂದಳು ಪ್ರೇಮಲೀಲಾ. “ಎತ್ತಿಕೊಡೋಕೆ ಪಕ್ಕದಲ್ಲಿ ಅವರಿರ್ತಾರೆ.”

ಸಿಗ್ನಲ್ ಹಸಿರಾಯಿತು. ಅವಳು ಗೇರ್ ಹಾಕಿದಳು.